ಪಾವಗಡಕ್ಕೆ ಹೋದ ಗಿಟಾರು, ನಾನು ಬರೆದ ನಾಲ್ಕು ಸಾಲು

ಕೊರೊನಾ ಕಳೆದ ಎರಡನೆಯ ಬೇಸಿಗೆ ಅದು. ಮಧುಗಿರಿಯಲ್ಲಿ ನನ್ನ ವಾದ್ಯ ರಿಪೇರಿ ಅಂಗಡಿಗೆ ಆಗ ಇಪ್ಪತ್ತಾರು ವರ್ಷ ತುಂಬಿತ್ತು. ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಪೌರಾಣಿಕ ನಾಟಕದ ಹಾರ್ಮೋನಿಯಂಗಳೇ ನನಗೆ ಅನ್ನ. ಜೊತೆಗೆ ಹಳೆಯ ಗಿಟಾರು, ಕೀಬೋರ್ಡುಗಳನ್ನು ಕೊಂಡು, ಸರಿಪಡಿಸಿ, ಆನ್‌ಲೈನ್‌ನಲ್ಲಿ ಫೋಟೊ ಹಾಕಿ ಮಾರುವ ಚಾಳಿಯೂ ಕೊರೊನಾ ಕಾಲದಲ್ಲಿ ಹತ್ತಿಕೊಂಡಿತ್ತು. ಹಾಗೆ ಮಾರಿದ ಒಂದು ಗಿಟಾರಿನ ತಕರಾರಿನಲ್ಲಿ ನಾನು ಮೊಬೈಲಿನಲ್ಲಿ ನಾಲ್ಕು ಸಾಲು ಬರೆದೆ. ಅದರಿಂದ ಒಬ್ಬ ಹುಡುಗಿಯ ಕೆಲಸ ಹೋಗುವುದರಲ್ಲಿತ್ತು. ಇದನ್ನು ಮುಚ್ಚಿಟ್ಟು ಬೇರೆ ಸಾಹಸಗಳನ್ನು ಬರೆದುಕೊಳ್ಳಬಹುದಿತ್ತು. ಮನಸ್ಸು ಒಪ್ಪಲಿಲ್ಲ.

ಮೊದಲು ನನ್ನ ಸ್ವಭಾವ ಹೇಳಿಬಿಡುತ್ತೇನೆ. ನಾನು ಅನುಮಾನದ ಮನುಷ್ಯ. ತರಕಾರಿಯವನು ತೂಕ ಹಾಕುವಾಗ ತಕ್ಕಡಿ ಬಿಟ್ಟು ಅವನ ಕಿರುಬೆರಳನ್ನು ನೋಡುವವನು. ಇದಕ್ಕೆ ಕಾರಣವೂ ಇತ್ತು. ಆನ್‌ಲೈನ್‌ನಲ್ಲಿ ನಾನು ಮಾರಿದ ಮೊದಲ ಕೀಬೋರ್ಡನ್ನು ಕೊಂಡವನೊಬ್ಬ ‘ಕೆಲಸ ಮಾಡುತ್ತಿಲ್ಲ’ ಎಂದು ವಾಪಸ್ ಕಳಿಸಿದ್ದ. ಪೆಟ್ಟಿಗೆ ಬಿಚ್ಚಿದರೆ ಒಳಗೆ ಅದೇ ಬಣ್ಣದ, ಆದರೆ ಸತ್ತುಹೋದ ಬೇರೆಯದೇ ಕೀಬೋರ್ಡು. ಅಂದಿನಿಂದ ಯಾವ ವಾದ್ಯ ಮಾರಿದರೂ ಅದರ ಹೊಟ್ಟೆಯೊಳಗೆ ಪೆನ್ಸಿಲಿನಲ್ಲಿ ನನ್ನ ಸಹಿ ಹಾಕುತ್ತಿದ್ದೆ. ಅದು ಇರುವುದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಗಿಟಾರು ಕೊಂಡವಳು ಪಾವಗಡದಾಚೆಯ ಹಳ್ಳಿಯೊಂದರ ಹುಡುಗಿ. ಹಳ್ಳಿಯ ಹೆಸರು ಬೇಡ, ಅವಳನ್ನು ಶೈಲಜಾ ಎಂದು ಕರೆಯೋಣ. ಪಾವಗಡದ ಒಂದು ಖಾಸಗಿ ನರ್ಸರಿ ಶಾಲೆಯಲ್ಲಿ ಟೀಚರ್. ಮಕ್ಕಳಿಗೆ ಹಾಡು ಹೇಳಿಕೊಡುವಾಗ ನುಡಿಸಲು ಬೇಕೆಂದು, ತನ್ನ ಸಂಬಳದಲ್ಲಿ ಉಳಿಸಿ, ಮೂರೂವರೆ ಸಾವಿರಕ್ಕೆ ಕೊಂಡಳು. ನಮ್ಮ ಕಡೆ ಇಂಥವನ್ನು ಬಸ್ಸಿಗೆ ಹಾಕಿ ಕಳಿಸುವುದು ರೂಢಿ. ಗಿಟಾರನ್ನು ಹಳೇ ಕಂಬಳಿಯಲ್ಲಿ ಸುತ್ತಿ, ಒಂದು ಬಿಡಿ ಸಣ್ಣ ತಂತಿಯನ್ನೂ ಇಟ್ಟು, ರಟ್ಟಿನ ಪೆಟ್ಟಿಗೆಗೆ ತುಂಬಿ, ಪಾವಗಡದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಸಂಜೆಯೇ ಅವಳಿಂದ ಮೆಸೇಜು ಬಂತು: ‘ತಲುಪಿತು ಸಾರ್, ತುಂಬಾ ಚೆನ್ನಾಗಿದೆ.’

ಐದನೆಯ ದಿನ ಇನ್ನೊಂದು ಮೆಸೇಜು. ‘ಸಾರ್, ತಂತಿ ಕಟ್ಟಿರೋ ಮರದ ಪಟ್ಟಿ ಮೇಲಕ್ಕೆ ಎದ್ದಿದೆ. ವಾಪಸ್ ತಗೊಳ್ಳಿ.’ ಜೊತೆಗೊಂದು ಫೋಟೊ. ಗಿಟಾರಿನ ಮುಂಭಾಗದಲ್ಲಿ ತಂತಿಗಳ ಬುಡವನ್ನು ಹಿಡಿದುಕೊಂಡಿರುವ ಮರದ ಪಟ್ಟಿಗೆ ಬ್ರಿಡ್ಜ್ ಎನ್ನುತ್ತಾರೆ. ಅದನ್ನು ಅಂಟಿನಿಂದ ಕೂರಿಸಿರುತ್ತಾರೆ. ಫೋಟೊದಲ್ಲಿ ಅದರ ಹಿಂಬದಿ ಬಾಯಿ ಬಿಟ್ಟಿತ್ತು. ಆ ಬ್ರಿಡ್ಜನ್ನು ನಾನೇ ಹೊಸದಾಗಿ ಅಂಟಿಸಿ ಎರಡು ದಿನ ಕ್ಲಾಂಪ್ ಬಿಗಿದಿಟ್ಟಿದ್ದೆ. ಐದು ದಿನಕ್ಕೆ ಏಳುವ ಮಾತೇ ಇಲ್ಲ. ಕೀಬೋರ್ಡಿನ ಕಥೆ ಶುರುವಾಯಿತು ಎಂದುಕೊಂಡೆ.

ಫೋನಿನಲ್ಲಿ ವಿಚಾರಿಸಿದೆ. “ಬೇರೆ ಯಾರಾದ್ರೂ ಮುಟ್ಟಿದ್ರಾ, ಬೀಳಿಸಿದ್ರಾ?” ಎಂದರೆ, “ಇಲ್ಲ ಸಾರ್, ನನ್ನ ಬಿಟ್ರೆ ಯಾರೂ ಮುಟ್ಟಲ್ಲ. ನಾನು ಸ್ಕೂಲಿಂದ ಬರೋ ಅಷ್ಟರಲ್ಲಿ ಸಣ್ಣ ತಂತಿ ಎರಡು ಸಲ ತಾನಾಗೇ ಕಿತ್ತೋಗಿತ್ತು. ಆಮೇಲೆ ಇದು ಎದ್ದೈತೆ” ಎಂದಳು. ತಾನಾಗೇ ಎಂಬ ಮಾತು ನನ್ನ ಕಿವಿಗೆ ಚುಚ್ಚಿತು. ತಾನಾಗೇ ಕಿತ್ತುಹೋಗುವ ತಂತಿಯನ್ನು ನಾನು ಇಪ್ಪತ್ತಾರು ವರ್ಷದಲ್ಲಿ ಕಂಡಿರಲಿಲ್ಲ.

ಗಿಟಾರಿನ ಒಳಗಿನ ಫೋಟೊ ಕಳಿಸಲು ಹೇಳಿದೆ. ಸಹಿಯ ವಿಚಾರ ಹೇಳಲಿಲ್ಲ. ಬಂದ ಫೋಟೊದಲ್ಲಿ ಬರೀ ಕತ್ತಲೆ. ಇನ್ನೊಂದು ಕಳಿಸಲು ಹೇಳಿದೆ, ಅದರಲ್ಲೂ ಕತ್ತಲೆ. ಸಹಿ ಕಾಣಲಿಲ್ಲ. ಮಧ್ಯಾಹ್ನ ಕರೆ ಮಾಡಿದರೆ ಎತ್ತುತ್ತಿರಲಿಲ್ಲ, ಸಂಜೆ ನಾಲ್ಕರ ಮೇಲೆಯೇ ಉತ್ತರ. ಅವಳು ಕೊಟ್ಟಿದ್ದ ಮನೆಯ ಇನ್ನೊಂದು ನಂಬರಿಗೆ ಮಾಡಿದೆ. ಒಬ್ಬ ವಯಸ್ಸಾದವರು ಎತ್ತಿದರು. “ಗಿಟಾರ್ ಅಂಗಡಿಯಿಂದ” ಎಂದದ್ದೇ ತಡ, ಕರೆ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲೇ ಇಲ್ಲ. ಮನೆಮಂದಿಯೆಲ್ಲ ಸೇರಿಕೊಂಡಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ನಡುವೆ ಬಸ್ಸಿನ ಕಂಡಕ್ಟರನ್ನೂ ಬಿಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ನಿಲ್ಲಿಸಿ ಕೇಳಿದೆ. ಅವನು, “ಡ್ರೈವರ್ ಪಕ್ಕದಾಗೆ ಇಕ್ಕಂಡು ಹೋಗಿವ್ನಿ, ಮಗು ಮಲಗಿಸ್ದಂಗೆ. ನನ್ನ ಮ್ಯಾಲೆ ಯಾಕ್ ಬರ್ತೀಯಣ್ಣ” ಎಂದು ಮುಖ ತಿರುಗಿಸಿದ.

ಶಿರಾದಲ್ಲಿ ನನ್ನದೇ ಕಸುಬಿನ ಅಮ್ಜದ್ ಎಂಬ ಗೆಳೆಯನಿದ್ದಾನೆ. ಅವನಿಗೆ ಎಲ್ಲ ಹೇಳಿದೆ. “ಅರೆ ಭಾಯ್, ಪಕ್ಕಾ ಧೋಕಾ ಇದು. ಗ್ರೂಪಿಗೆ ಹಾಕ್ಬುಡು, ಇನ್ನೊಬ್ರು ಬೀಳಬಾರ್ದು” ಎಂದ. ಹಳೇ ವಾದ್ಯ ಕೊಂಡು ಮಾರುವವರ ವಾಟ್ಸ್‌ಆ್ಯಪ್ ಗ್ರೂಪ್ ಒಂದಿತ್ತು, ನಾಲ್ಕೂ ತಾಲ್ಲೂಕಿನವರು ಅದರಲ್ಲಿದ್ದರು. ಅವಳ ಹೆಸರು, ನಂಬರು ಹಾಕಿ ಬರೆದೆ: ‘ಎಚ್ಚರಿಕೆ. ಇವರು ಒಳ್ಳೆಯ ಗಿಟಾರು ತೆಗೆದುಕೊಂಡು, ಬೇರೆ ಮುರುಕಲು ತೋರಿಸಿ ದುಡ್ಡು ವಾಪಸ್ ಕೇಳುತ್ತಾರೆ. ಪಾವಗಡದ ನರ್ಸರಿ ಟೀಚರ್ ಎಂದು ಹೇಳಿಕೊಳ್ಳುತ್ತಾರೆ. ನಂಬಬೇಡಿ.’ ಹೆಬ್ಬೆಟ್ಟಿನ ಚಿತ್ರಗಳು ಸಾಲಾಗಿ ಬಂದವು. ಒಳ್ಳೆಯ ಕೆಲಸ ಮಾಡಿದೆನೆಂದು ಆ ದಿನ ಸಮಾಧಾನವಾಗಿ ಊಟ ಮಾಡಿದೆ.

ಆಮೇಲೆ ನಾಲ್ಕು ದಿನ ಅವಳಿಂದ ಒಂದು ಮಾತಿಲ್ಲ. ನೋಡು, ಸಿಕ್ಕಿಬಿದ್ದದ್ದು ಗೊತ್ತಾಗಿ ಸುಮ್ಮನಾದಳು ಎಂದು ಹೆಂಡತಿಯ ಮುಂದೆ ಹೇಳಿಕೊಂಡೆ. ಜಯಮ್ಮ ಹುಣಸೆಹಣ್ಣು ಬಿಡಿಸುತ್ತಿದ್ದವಳು ತಲೆಯೆತ್ತದೆ ಹೇಳಿದಳು: “ಮಾತಾಡಿದ್ರೂ ಕಳ್ಳಿ, ಮಾತಾಡ್ದಿದ್ರೂ ಕಳ್ಳಿ. ಆ ಹುಡ್ಗಿ ಹೆಂಗಿರ್ಬೇಕು ಅಂತ ನೀವೇ ಹೇಳ್ಬುಡಿ. ಇಲ್ಲ, ಬಸ್ ಹತ್ತಿ ಹೋಗಿ ಕಣ್ಣಾರೆ ನೋಡ್ಕಂಡು ಬನ್ನಿ.” ನನಗೂ ಅದೇ ಸರಿ ಎನಿಸಿತು, ಆದರೆ ಕಾರಣ ಬೇರೆ. ಹೇಳದೆ ಹೋದರೆ ನನ್ನ ಒಳ್ಳೆಯ ಗಿಟಾರು ಅವರ ಮನೆಯ ಗೋಡೆಗೆ ನೇತುಹಾಕಿರುವುದು ಸಿಗುತ್ತದೆ ಎಂದು ಲೆಕ್ಕ ಹಾಕಿದ್ದೆ.

ಭಾನುವಾರ ಬೆಳಿಗ್ಗೆ ಮಿಡಿಗೇಶಿ ಮೇಲೆ ಹೋಗುವ ಬಸ್ಸು ಹತ್ತಿದೆ. ಜೇಬಿನಲ್ಲಿ ಪುಟ್ಟ ಟಾರ್ಚು ಮತ್ತು ಹಲ್ಲಿನ ಡಾಕ್ಟರು ಬಾಯೊಳಗೆ ಇಡುವಂಥ ಸಣ್ಣ ಕನ್ನಡಿ. ಪಾವಗಡದಲ್ಲಿ ಇಳಿದು ಆಟೊ ಹಿಡಿದು ಅವಳ ಹಳ್ಳಿ ಮುಟ್ಟಿದಾಗ ಹತ್ತು ಗಂಟೆ. ಮನೆ ಕೇಳಿದರೆ, “ಹಾರ್ಮೋನಿಯಂ ಮೇಷ್ಟ್ರು ಮೊಮ್ಮಗಳಾ?” ಎಂದು ಒಬ್ಬರು ದಾರಿ ತೋರಿಸಿದರು. ಜಗುಲಿಯ ಮೇಲೆ ಎಪ್ಪತ್ತು ದಾಟಿದ ನಾರಾಯಣಪ್ಪ ಮೇಷ್ಟ್ರು ಕುಳಿತಿದ್ದರು. ಸುತ್ತಲ ಊರುಗಳಲ್ಲಿ ನಾಟಕ ಕಲಿಸುವವರು. ನಾನು ಯಾರೆಂದು ಹೇಳಿದೊಡನೆ ಎದ್ದು ನಿಲ್ಲಲು ಹೋಗಿ ಮತ್ತೆ ಕುಳಿತರು.

ಶೈಲಜಾ ಬಾಗಿಲಿಗೆ ಬಂದಳು. “ಬನ್ನಿ ಸಾರ್” ಎಂದಳು ಅಷ್ಟೇ. ಮುಖದಲ್ಲಿ ಗಾಬರಿ ಇರಲಿಲ್ಲ, ನಗುವೂ ಇರಲಿಲ್ಲ. ನೀರು ಕೊಟ್ಟು, ಹಳೇ ಸೀರೆಯಲ್ಲಿ ಸುತ್ತಿದ್ದ ಗಿಟಾರನ್ನು ತಂದು ಮುಂದಿಟ್ಟಳು. ಗೋಡೆಯ ಮೇಲೆ ಬೇರೆ ಗಿಟಾರು ಇರಲಿಲ್ಲ. ಟಾರ್ಚು ಹಾಕಿ, ಕನ್ನಡಿಯನ್ನು ಒಳಗೆ ಇಳಿಸಿ ನೋಡಿದೆ. ಪಕ್ಕದ ಮರದ ಕಡ್ಡಿಯ ಮೇಲೆ ನನ್ನದೇ ಕೈಬರಹದ ಸಹಿ. ಅವಳ ಹಳೆಯ ಫೋನಿನ ಬೆಳಕು ಅಲ್ಲಿಗೆ ಹೋಗುವಂತೆಯೇ ಇರಲಿಲ್ಲ.

ಆಗಲಾದರೂ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಹಾಗಾದರೆ ಬೀಳಿಸಿದ್ದಾರೆ ಎಂದು ಅನುಮಾನ ಮಗ್ಗುಲು ಬದಲಿಸಿತು. ಅಂಚು, ಬೆನ್ನು, ಕುತ್ತಿಗೆ ಎಲ್ಲ ಸವರಿ ನೋಡಿದೆ. ಒಂದು ಗೀರೂ ಇಲ್ಲ. ಕೊನೆಗೆ ಸುಮ್ಮನೆ ದಪ್ಪ ತಂತಿಯನ್ನು ಮೀಟಿದೆ.

ಇಲ್ಲಿ ಸ್ವಲ್ಪ ಕಸುಬಿನ ವಿಷಯ ಹೇಳಬೇಕು. ಹಾರ್ಮೋನಿಯಂನ ಬಿಳಿ ಮನೆ, ಕಪ್ಪು ಮನೆಗಳನ್ನು ಎಣಿಸಿ ಶ್ರುತಿಯನ್ನು ಬಿಳಿ ಒಂದು, ಕರಿ ಎರಡು ಎಂದು ಕರೆಯುತ್ತೇವೆ. ಗಿಟಾರಿನ ದಪ್ಪ ತಂತಿ ಬಿಳಿ ಮೂರರಲ್ಲಿ ಇರಬೇಕು. ನಾಟಕದವರು ಬಯಲಿನಲ್ಲಿ ದೂರಕ್ಕೆ ಕೇಳಲೆಂದು ಕರಿ ನಾಲ್ಕರಂಥ ಎತ್ತರದ ಶ್ರುತಿಯಲ್ಲಿ ಹಾಡುತ್ತಾರೆ. ನಾನು ಮೀಟಿದ ತಂತಿ ಕರಿ ನಾಲ್ಕರಲ್ಲಿತ್ತು. ಉಳಿದ ತಂತಿಗಳನ್ನೂ ಅದಕ್ಕೆ ತಕ್ಕಂತೆ ಮೇಲಕ್ಕೆ ಎಳೆಯಲಾಗಿತ್ತು. ಅಷ್ಟು ಎಳೆತಕ್ಕೆ ಸಣ್ಣ ತಂತಿ ಕಿತ್ತುಹೋಗುತ್ತದೆ, ಬೇಸಿಗೆಯ ಕಾವೂ ಸೇರಿದರೆ ಎಂಥ ಅಂಟೂ ಬಿಡುತ್ತದೆ.

ಶೈಲಜಾ ಟೀ ಮಾಡಲು ಒಳಗೆ ಹೋಗಿದ್ದಳು. ನಾನು ಮೇಷ್ಟ್ರ ಕಡೆ ನೋಡಿದೆ. ಅವರು ಹೆಗಲ ಟವಲ್ಲು ತೆಗೆದು ಮುಖ ಒರೆಸಿಕೊಂಡರು. “ನಾನೇ ನಾಯ್ನಾ” ಎಂದರು ತಗ್ಗಿದ ದನಿಯಲ್ಲಿ, ಆ ಸೀಮೆಯ ತೆಲುಗು ಬೆರೆತ ಮಾತಿನಲ್ಲಿ. “ಅಮ್ಮಾಯಿ ಸ್ಕೂಲಿಗೋದಾಗ ಮೀಟಿ ನೋಡ್ದೆ. ಸುರುತಿ ಇಳ್ದೋಗೈತೆ ಅನ್ಕಂಡು ನನ್ ಹಾರ್ಮೋನಿಯಂ ಪೆಟ್ಟಿಗೆಗೆ ಸೇರ್ಸ್ದೆ. ತಂತಿ ಕಿತ್ತೋಯ್ತು. ನೀನು ಕೊಟ್ಟಿದ್ದ ಇನ್ನೊಂದು ಅಮ್ಮಾಯಿ ಕಟ್ಟಿದ್ಲು, ಮತ್ತೆ ಸೇರ್ಸಕ್ಕೋದೆ, ಅದೂ ಕಿತ್ತೋಯ್ತು. ಹತ್ತಾರು ಊರ್ನೋರು ನನ್ ಕಿವಿ ನಂಬ್ಕಂಡವ್ರೆ. ಅಮ್ಮಾಯಿಗೆ ಹೆಂಗೆ ಹೇಳ್ಲಿ? ನೀನು ಫೋನ್ ಮಾಡ್ದಾಗ ಹೆದ್ರಿ ಕಟ್ ಮಾಡ್ಬುಟ್ಟೆ.”

ಇಂಥ ಮೇಷ್ಟ್ರುಗಳ ಕಾಲಿನ ಹತ್ತಿರ ಕುಳಿತೇ ನಾನು ಶ್ರುತಿ ಕಲಿತವನು. ಅವರ ಮುಖ ನೋಡಲಾಗಲಿಲ್ಲ. ಟೀ ಬಂದಾಗ ನಾನೇ ಗಟ್ಟಿಯಾಗಿ ಹೇಳಿದೆ: “ಅಂಟು ಸರಿಯಾಗಿ ಹಿಡಿದಿಲ್ಲಮ್ಮ. ತಪ್ಪು ನನ್ನದೇ. ತಗಂಡು ಹೋಗಿ ಸರಿ ಮಾಡಿಕೊಡ್ತೀನಿ.” ಅವಳು ಸರಿ ಎಂದು ತಲೆಯಾಡಿಸಿದಳು. ಆ ಗಳಿಗೆಯಲ್ಲಿ ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ.

ಊರ ಮುಂದಿನ ರಸ್ತೆಯವರೆಗೆ ಗಿಟಾರು ಹೊತ್ತು ನನ್ನ ಜೊತೆ ಬಂದಳು. ಅಲ್ಲಿ ನಿಂತು ಹೇಳಿದಳು: “ತಾತ ಹೇಳಿದ್ದು ಒಳಗೆ ಕೇಳಿಸ್ತು ಸಾರ್. ಅವರ ಮರ್ಯಾದೆ ಹೋಗಬಾರ್ದು ಅಂತ ನೀವು ಸುಳ್ಳು ಹೇಳಿದ್ರಿ. ಒಳ್ಳೇದಾಯ್ತು.” ಆಮೇಲೆ ಫೋನು ತೆಗೆದು ನನ್ನ ಮುಂದೆ ಹಿಡಿದಳು. ನಾನು ಬರೆದ ನಾಲ್ಕು ಸಾಲು. ಗ್ರೂಪಿನಿಂದ ಯಾರೋ ಪಾವಗಡದವರಿಗೆ ಕಳಿಸಿ, ಅಲ್ಲಿಂದ ಶಾಲೆಯ ಪೋಷಕರ ಗ್ರೂಪಿಗೆ ಹೋಗಿತ್ತು. “ಇದು ತೀರೋವರ್ಗೂ ಬರಬ್ಯಾಡಿ ಅಂತ ಹೆಡ್‌ಮೇಡಂ ಹೇಳವ್ರೆ. ನಾಲ್ಕು ದಿನದಿಂದ ಮನೇಲಿದೀನಿ. ತಾತಂಗೆ ರಜಾ ಅಂತ ಹೇಳಿದೀನಿ. ನನ್ನ ಮರ್ಯಾದೆಗೆ ನೀವು ಒಂದ್ಸಲ ಬಂದು ನೋಡೋ ಅಷ್ಟೂ ಕಾಯ್ಲಿಲ್ಲವಲ್ಲ ಸಾರ್.”

ಅವಳು ಅಳಲಿಲ್ಲ, ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಅಲ್ಲೇ ನಿಂತು ಫೋನು ತೆಗೆದು, ‘ಶೈಲಜಾ ಅವರ ಬಗ್ಗೆ’ ಎಂದು ಟೈಪು ಮಾಡತೊಡಗಿದೆ. ಅವಳು ಬಗ್ಗಿ ನೋಡಿ ತಡೆದಳು.

“ಈ ಸಲ ನನ್ನ ಹೆಸರು ಬ್ಯಾಡ ಸಾರ್. ನಿಮ್ಮ ಹೆಸರು ಹಾಕಿ.”

ಹಾಗೆಯೇ ಬರೆದೆ: ‘ಮಧುಗಿರಿಯ ವಾದ್ಯ ರಿಪೇರಿ ರಂಗಸ್ವಾಮಿಯಾದ ನಾನು ಪಾವಗಡದ ಟೀಚರ್ ಒಬ್ಬರ ಬಗ್ಗೆ ಇಲ್ಲಿ ಸುಳ್ಳು ಬರೆದಿದ್ದೆ. ಗಿಟಾರು ನಾನು ಕಳಿಸಿದ್ದೇ. ಕಣ್ಣಿಂದ ನೋಡದೆ ಬರೆದೆ. ದಯವಿಟ್ಟು ಇದನ್ನೂ ಎಲ್ಲರಿಗೂ ಕಳಿಸಿ.’ ಈ ಸಲ ಹೆಬ್ಬೆಟ್ಟಿನ ಚಿತ್ರ ಬಂದದ್ದು ಎರಡೇ. ಒಂದು ಅಮ್ಜದನದು.

ಮರುದಿನ ಮೊದಲ ಬಸ್ಸಿಗೆ ಮತ್ತೆ ಪಾವಗಡಕ್ಕೆ ಹೋಗಿ ಅವಳ ಶಾಲೆಯ ಬಾಗಿಲಲ್ಲಿ ನಿಂತೆ. ಹೆಡ್‌ಮೇಡಂ ನನ್ನ ಮಾತನ್ನೆಲ್ಲ ಕೇಳಿ, “ಬದಲಾಯಿಸಿದ್ರು ಅಂತ ಬರೆಯಕ್ಕೆ ಏನು ಸಾಕ್ಷಿ ಇತ್ರೀ ನಿಮ್ಮ ಹತ್ರ?” ಎಂದರು. “ಏನೂ ಇರಲಿಲ್ಲ” ಎಂದೆ. ಅದನ್ನೇ ಬರೆದು ಸಹಿ ಹಾಕಿಸಿಕೊಂಡರು. ಬುಧವಾರದಿಂದ ಶೈಲಜಾ ಕೆಲಸಕ್ಕೆ ಹೋದಳು. ಒಂದು ವಾರದಲ್ಲಿ ಗಿಟಾರನ್ನು ಸರಿಪಡಿಸಿ ನಾನೇ ತಲುಪಿಸಿದೆ. ಮೇಷ್ಟ್ರಿಗೂ ಈಗ ಭಯ ಹೋಗಿದೆ. ‘ನನ್ ಸುರುತಿ ತಡಿಯಕ್ಕೆ ಆ ಗಿಟಾರಿಗೆ ಆಗ್ಲಿಲ್ಲ’ ಎಂದು ತಾಲೀಮಿನಲ್ಲಿ ಅವರೇ ಹೇಳಿ ನಗಿಸುತ್ತಾರಂತೆ. ಅವರು ಒಪ್ಪಿದ್ದರಿಂದಲೇ ಇಷ್ಟು ಬರೆದಿದ್ದೇನೆ.

ರಿಪೇರಿಗೆ ಬಂದ ಹಾರ್ಮೋನಿಯಂ ಆಗಿದ್ದರೆ ನಾನು ಮೊದಲು ಕೇಳುತ್ತಿದ್ದದ್ದು, ಮನೆಯಲ್ಲಿ ಇನ್ನು ಯಾರು ಹಾಡುತ್ತಾರೆ, ಯಾವ ಶ್ರುತಿಗೆ ಎಂದು. ಕಾಯಿಲೆ ಅರ್ಧ ಅಲ್ಲೇ ತಿಳಿಯುತ್ತದೆ. ಮಾರಿದವನಾಗಿ ಕುಳಿತಾಗ ಆ ಪ್ರಶ್ನೆ ನನ್ನ ನಾಲಿಗೆಗೆ ಬರಲೇ ಇಲ್ಲ. ಇನ್ನೊಬ್ಬರು ಮುಟ್ಟಿದರಾ ಎಂದು ಕೇಳಿದ್ದೂ ಸಿಕ್ಕಿಸಲೆಂದೇ ಹೊರತು ತಿಳಿಯಲೆಂದಲ್ಲ. ಅನುಮಾನ ಬರುವುದನ್ನು ಈ ವಯಸ್ಸಿನಲ್ಲಿ ನಿಲ್ಲಿಸಲಾರೆ. ಅದನ್ನು ಬರೆಯುವ ಮುಂಚೆ ಬಸ್ಸು ಹತ್ತುವುದನ್ನು ಮಾತ್ರ ಕಲಿತಿದ್ದೇನೆ.

ನನ್ನ ಎರಡನೆಯ ಮೆಸೇಜೂ ನಿಧಾನವಾಗಿ ಊರೂರು ತಿರುಗಿತು. ಈಗಲೂ ಫೋಟೊ ನೋಡಿ ಕರೆ ಮಾಡುವವರು ಕೆಲವೊಮ್ಮೆ ಬೆಲೆ ಕೇಳುವ ಮೊದಲು, “ಆ ಟೀಚರ್ ಮೇಲೆ ಸುಳ್ಳು ಬರೆದೋರು ನೀವೇನಾ?” ಎನ್ನುತ್ತಾರೆ. ಹೌದು, ನಾನೇ ಎನ್ನುತ್ತೇನೆ. ಕೆಲವರು ಅಲ್ಲಿಗೇ ಫೋನು ಇಡುತ್ತಾರೆ.