ಹಾಡಲ್ಲ, ಆಡು

ನಮ್ಮೆಜಮಾನ ನನ್ನ ಹಾಡನ್ನು ಕಿತ್ತುಕೊಳ್ಳಲಿಲ್ಲ. ಆವಯ್ಯ ಮಾರಿದ್ದು ಒಂದು ಆಡು. ನಡೆದದ್ದು ಅಷ್ಟೇ. ಮಿಕ್ಕಿದ್ದೆಲ್ಲ ನನ್ನ ಸುಳ್ಳು — ಸುಳ್ಳು ಅಂದರೂ, ಬಾಯಿಂದ ಬಂದದ್ದು ಬರೀ ಒಂದು ‘ಊಂ’. ಆದರೆ ಮೈಕಿನಲ್ಲಿ ಬಂತು.

ಸೇಲಂನಲ್ಲಿ ಒಂದು ಸಂಘ ಐತೆ. ಕಂಪ್ಯೂಟರಿನಲ್ಲಿ ಮಾಡಿದ ಚಿತ್ರಗಳನ್ನು ಊರೂರಿಗೆ ತಂದು, ಗೋಡೆ ಮೇಲೆ ಬಿಟ್ಟು, ಉತ್ಸವ ಮಾಡುವುದು ಅವರ ಕೆಲಸ. ಹೀರೋ ಇಲ್ಲ, ಫೈಟು ಇಲ್ಲ. ಬಣ್ಣ ಓಡಾಡುತ್ತೆ, ಜನ ಸುಮ್ಮನೆ ನೋಡುತ್ತಾರೆ. ಆ ಸಂಘದ ಹುಡುಗಿ ಶೈಲಜಾ, ನಮ್ಮ ಹಾಗೇ ಮನೆಮಾತು ಕನ್ನಡ, ಆದರೆ ಟೌನಿನ ಕನ್ನಡ, ಹಳೇ ಹೆಂಗಸರ ಹಾಡು ಹುಡುಕಿಕೊಂಡು ಕ್ಯಾಮರಾ ಹಿಡಿದು ನಮ್ಮ ಹಟ್ಟಿಗೆ ಬಂದಳು. “ಅಜ್ಜಿ, ನಿಮ್ಮ ಹಾಡು ಏನಾಯ್ತು?” ಅಂದಳು.

ನಮ್ಮ ಕಡೆ ‘ಹ’ ಅನ್ನೋದು ನಾಲಿಗೆ ಮೇಲೆ ನಿಲ್ಲಲ್ಲ. ಹಾಡಿಗೆ ನಾವು ಪದ ಅಂತೀವಿ. ಹಾಡು ಅಂದರೆ ನನ್ನ ಕಿವಿಗೆ ಆಡೇ. ಸರ್ಕಾರದಿಂದ ಆಡು ಕೊಡೋರು ಬಂದವ್ರೆ ಅಂದುಕೊಂಡು, ಒಂದಕ್ಕೆರಡು ಸಿಗಲಿ ಅಂತ, ಸ್ವಲ್ಪ ಅಳುಮುಖ ಮಾಡಿಕೊಂಡೇ ಹೇಳಿದೆ.

“ಬೆಳಗ್ಗೆ ನಾನೆದ್ರೆ ಅದೂ ಏಳೋದು. ನಾನು ಓದ ಕಡೆ ಎಲ್ಲಾ ಬರೋದು. ನಮ್ಮೆಜಮಾನಂಗೆ ಅದ್ರ ಗಲಾಟೆ ಆಗ್ಲಿಲ್ಲ. ಅಗ್ಗ ಆಕಿ ಕಾರಿಮಂಗಲಂ ಸಂತೆಗೆ ಎಳ್ಕೊಂಡೋದ. ಆಮೇಲೆ ಮನೇಲಿ ಸದ್ದೇ ಇಲ್ಲ ಮಗಾ.”

ಹುಡುಗಿ ಕಣ್ಣು ಒರೆಸಿಕೊಂಡಳು. ಆಡಿಗೆ ಇಷ್ಟು ಅಳೋ ಆಫೀಸರನ್ನು ನಾನು ನೋಡಿರಲಿಲ್ಲ.

ಉತ್ಸವ ಪಾಲಕೋಡಿನಲ್ಲಿ, ಟೊಮೇಟೊ ಮಂಡಿ ಗೋಡೆ ಮೇಲೆ. ನನ್ನ ಮುಖ ಗೋಡೆಯಷ್ಟಗಲ ಬಂತು. ಮೂಗಿನ ಹೊಳ್ಳೆಯೊಳಗೆ ಮಂಡಿಯ ಕಿಟಕಿ. ಆಮೇಲೆ ಒಂದು ಕಪ್ಪು ಗಂಡಸು ಬಂದು, ಬಿಳಿ ಹೊಗೆಗೆ ಹಗ್ಗ ಹಾಕಿ ಎಳೆದುಕೊಂಡು ಹೋದ. ಆ ಹೊಗೆ ನನ್ನ ಹಾಡಂತೆ. ಆ ಗಂಡಸು —

ಆಗ ನನಗೆ ಅರ್ಥವಾಯಿತು. ಪೂರ್ತಿ ಅರ್ಥವಾಯಿತು. ಅದನ್ನೇ ಇಲ್ಲಿ ಒಪ್ಪಿಕೊಳ್ಳುತ್ತಿರುವುದು.

ಶೈಲಜಾ ನನಗೆ ಶಾಲು ಹೊದಿಸಿ, ಮೈಕು ಬಾಯಿಗಿಟ್ಟು, “ಅಜ್ಜಿ, ತಾತ ನಿಮ್ಮ ಹಾಡನ್ನ ಕಿತ್ಕೊಂಡ್ರಲ್ವಾ?” ಅಂದಳು. “ಊಂ” ಅಂದೆ. ಯಾಕೆ ಅಂದೆ? ಜನ ಚಪ್ಪಾಳೆ ತಟ್ಟುತ್ತಿದ್ದರು, ನನಗೆ ಚೆನ್ನಾಗಿತ್ತು. ಬೇರೆ ಕಾರಣ ಇಲ್ಲ.

ತೀರಿಹೋದ ಆವಯ್ಯ ಎಂಥವನು ಗೊತ್ತಾ — ಕಬ್ಬು ಕಡಿದು ಬಂದು, ಕೈಕಾಲು ತೊಳೆಯೋ ಮೊದಲೇ “ಒಂದು ಪದ ಏಳಮ್ಮಿ” ಅನ್ನೋನು. ತಾನೂ ಜೊತೆಗೆ ಒದರೋನು, ಕೋಣನ ಹಾಗೆ. ಆಡು ಮಾರಿದ್ದು ಪಕ್ಕದವರ ಟೊಮೇಟೊ ಸಸಿ ಬುಡಸಮೇತ ಮೇಯಿತು ಅಂತ.

ಜನದೊಳಗೆ ನನ್ನ ನಾದಿನಿ ಮಾದಮ್ಮ ಕೂತಿದ್ದಳು. ಆವಯ್ಯನ ಒಬ್ಬಳೇ ತಂಗಿ. ಅವನೇ ಎತ್ತಿ ಆಡಿಸಿ ಬೆಳೆಸಿದವಳು. “ನಮ್ಮಣ್ಣನಾ ಅತ್ಗೆ?” ಅಂತ ಒಂದೇ ಮಾತು ಕೇಳಿದಳು. ನಾನು ಶಾಲು ಸರಿಮಾಡಿಕೊಳ್ಳುತ್ತಿದ್ದೆ.

ಅವಳು ಮತ್ತೆ ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ. ಅದಿಯಮಾನ್‌ಕೋಟೆಯ ಅವಳ ಮನೆ ಗೋಡೆಯಿಂದ ಅಣ್ಣನ ಫೋಟೋ ಇಳಿಸಿಬಿಟ್ಟಳಂತೆ. ನನಗೂ ಬಾಯಿಗೆ ಬೀಗ. ಕಳೆ ಕೀಳುವಾಗ ಅಪ್ಪಿತಪ್ಪಿ ಒಂದು ಪದ ಗುನುಗಿದರೆ ಬದುವಿನ ಮೇಲಿಂದ ಯಾರಾದರೂ, “ಏನಜ್ಜಿ, ಓದ ಆಡು ವಾಪಸ್ ಬಂತಾ?” ಹೀಗೇ ವರ್ಷಗಳು ಹೋದವು.

ಮೊನ್ನೆ ಶೈಲಜಾ ಫೋನು ಮಾಡಿದಳು. ಅದೇ ಚಿತ್ರ, ಈ ಸಲ ಸೇಲಂನಲ್ಲಿ, ಇನ್ನೂ ದೊಡ್ಡ ಪರದೆಯಲ್ಲಿ. “ತಾತನ್ನ ಇನ್ನೂ ಕಪ್ಪಗೆ ಮಾಡಿದೀನಿ ಅಜ್ಜಿ,” ಅಂದಳು. ಆಗಲಿ ಮಗಾ ಅಂದು ಫೋನಿಟ್ಟೆ. ಇನ್ನೂ ಕಪ್ಪಗೆ...

ಮಾರನೇ ಬೆಳಗ್ಗೆ ಮೊದಲ ಬಸ್ಸಿಗೆ ಅದಿಯಮಾನ್‌ಕೋಟೆಗೆ ಹೋದೆ. ಮಾದಮ್ಮ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಳು. ಕೂತುಕೋ ಅನ್ನಲಿಲ್ಲ. ನಿಂತೇ ಎಲ್ಲ ಹೇಳಿದೆ.

“ಆಡಾ?” ಅಂದಳು.

“ಆಡು.”

“ನನ್ನ ಮದುವೆ ಸೀರೆ ಸೆರಗು ತಿಂತಲ್ಲ, ಆ ಮುಂಡೇದಾ?”

“ಅದೇ.”

ಅವಳು ನಗಲಿಲ್ಲ. “ನನಗೇಳಿ ಏನು ಬಂತು? ಊರಿಗೆಲ್ಲಾ ಮೈಕಲ್ಲಿ ಏಳ್ದಲ್ಲ, ಮೈಕಲ್ಲೇ ಏಳು.”

ಅಲ್ಲೇ, ಅವಳೆದುರೇ, ಶೈಲಜಾಗೆ ಫೋನು ಹಾಕಿದೆ. “ಮಗಾ, ಸೇಲಂನಲ್ಲಿ ನಂಗೆ ಮೈಕು ಬೇಕು. ಆಡಿನ ವಿಷಯ ಮಾತಾಡ್ಬೇಕು.”

“ಅಯ್ಯೋ, ಹಾಡಿನ ವಿಷಯ ತಾನೇ, ಎಷ್ಟು ಬೇಕಾದ್ರೂ ಮಾತಾಡಿ ಅಜ್ಜಿ,” ಅಂದಳು, ಬಲು ಖುಷಿಯಿಂದ.

ಮಾದಮ್ಮ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದಳು. ಬೀದಿಯಲ್ಲಿ ಹಾಲಿಗೆ ಹೋಗುವವರು ನಿಂತಿದ್ದರು. ನಾನು ಫೋನನ್ನು ಬಾಯಿ ಹತ್ತಿರ ಹಿಡಿದು, ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ‘ಮ್ಯಾ’ ಅಂತ ಕೂಗಿದೆ.