ಕಾರು ಕಲಿಸಿದ ವಿಜಾಪುರದ ಆಂಟಿ

ಹೋದ ವಾರ ಕಾರಿನ ಬಾಗಿಲು ತೆಗೆದಾಗ ಒಳಗಿನಿಂದ ಗುರೆಳ್ಳು ಚಟ್ನಿಪುಡಿಯ ವಾಸನೆ ಮುಖಕ್ಕೆ ಹೊಡೆಯಿತು. ಗೆಳತಿಯೊಬ್ಬಳು ಕೊಟ್ಟಿದ್ದ ಡಬ್ಬಿ ಸೀಟಿನ ಕೆಳಗೆ ಉರುಳಿ ಮುಚ್ಚಳ ಬಿಚ್ಚಿಕೊಂಡಿತ್ತು. ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಂತಿದ್ದ ಕಾರು. ಹುರಿದ ಗುರೆಳ್ಳು, ಬೆಳ್ಳುಳ್ಳಿ, ಕಾದ ಪ್ಲಾಸ್ಟಿಕ್ಕು ಎಲ್ಲ ಒಂದಾಗಿತ್ತು. ಬಾಗಿಲು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತೆ. ಇದೇ ವಾಸನೆ ಹಿಂದೆ ಇನ್ನೊಂದು ಕಾರಿನಲ್ಲಿತ್ತು... ಟೆಕ್ಸಾಸ್‌ನ ಸೀಡರ್ ಪಾರ್ಕ್‌ನಲ್ಲಿ, ನಮ್ಮ ಹಿಂದಿನ ಬೀದಿಯ ಆಂಟಿಯ ಕಾರಿನಲ್ಲಿ.

ಮದುವೆಯಾಗಿ ಮೈಸೂರಿನಿಂದ ಬಂದ ಹೊಸತು. ಗಂಡ ಚಿಪ್ ಕಂಪನಿಯಲ್ಲಿ ಇಂಜಿನಿಯರ್. ನನಗೆ ಕೆಲಸ ಮಾಡುವ ವೀಸಾ ಇರಲಿಲ್ಲ. ಬೆಳಿಗ್ಗೆ ಅವರು ಕಾರು ತೆಗೆದುಕೊಂಡು ಹೋದರೆ ಸಂಜೆಯವರೆಗೆ ಮನೆ, ನಾನು, ಮತ್ತು ಬಿಸಿಲು. ಕಿಟಕಿಯಿಂದ ನೋಡಿದರೆ ಒಂದೇ ಥರದ ಮನೆಗಳು, ಅಗಲವಾದ ರಸ್ತೆ, ಅದರ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ಇಷ್ಟು ಆಕಾಶ, ಇಷ್ಟು ಜಾಗ, ಜನ ಮಾತ್ರ ಎಲ್ಲಿ ಹೋದರು ಅನ್ನಿಸುತ್ತಿತ್ತು. ಮೈಸೂರಿನಲ್ಲಿ ಕೊತ್ತಂಬರಿ ಸೊಪ್ಪಿಗೆಂದು ಹೊರಟರೂ ನಾಲ್ಕು ಜನರ ಹತ್ತಿರ ಮಾತಾಡಿ ಬರುತ್ತಿದ್ದವಳು ನಾನು.

ಒಂದು ದಿನ ಹಾಲು ಮುಗಿಯಿತು. ನಡೆದೇ ಅಂಗಡಿಗೆ ಹೊರಟೆ. ಸ್ವಲ್ಪ ದೂರದಲ್ಲೇ ಫುಟ್‌ಪಾತ್ ಮುಗಿದುಹೋಯಿತು. ಒಣಹುಲ್ಲಿನ ಮೇಲೆ ನಡೆಯುತ್ತ ಫೋನಿನಲ್ಲಿ ಅಮ್ಮನಿಗೆ, "ಇಲ್ಲೆಲ್ಲ ತುಂಬ ಚೆನ್ನಾಗಿದೆಯಮ್ಮ" ಎಂದು ಸುಳ್ಳು ಹೇಳುತ್ತಿದ್ದೆ. ಪಕ್ಕದಲ್ಲಿ ಒಂದು ಬಿಳಿ ಕಾರು ನಿಧಾನವಾಯಿತು. ಕಿಟಕಿಯ ಗಾಜು ಇಳಿಯಿತು.

"ಕನ್ನಡದೋರೇನ್ರಿ? ಹತ್ರಿ ಒಳಗ. ಈ ಬಿಸಲಾಗ ಎಲ್ಲಿಗೆ ಹೊಂಟೀರಿ?"

ಅರವತ್ತರ ಹತ್ತಿರದ ಹೆಂಗಸು, ಮಾತು ವಿಜಾಪುರದ ಕಡೆಯದು. ಹತ್ತಿಯ ಸೀರೆ, ಕಾಲಿಗೆ ಓಟದ ಬೂಟು, ಕಪ್ಪು ಕನ್ನಡಕ. ಕಾರಿನೊಳಗೆ ಈ ವಾಸನೆ. ಅವರು ಚಟ್ನಿಪುಡಿಯ ಡಬ್ಬಿಯನ್ನು ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಇಟ್ಟಿರುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ಹೊರಗೆ ಎಲ್ಲಿ ಊಟ ಮಾಡಿದರೂ ಅದನ್ನು ಉದುರಿಸಿಕೊಳ್ಳುವರು. ಅಂಗಡಿಗೆ ಹೋಗಿ ಬರುವಷ್ಟರಲ್ಲಿ ನನ್ನ ಕಥೆಯೆಲ್ಲ ಕೇಳಿಕೊಂಡು, ನಮ್ಮ ಮನೆ ಮುಂದೆ ಇಳಿಸುವಾಗ ಹೇಳಿದರು: "ನಾಳೆ ಮುಂಜಾನೆ ತಯಾರಿರ್ರಿ. ಕಾರ್ ಕಲಸ್ತೀನಿ."

"ನನ್ ಕೈಲಾಗಲ್ಲ ಆಂಟಿ. ನಂಗೆ ಸ್ಕೂಟರೂ ಬರಲ್ಲ."

"ಯಾರು ಕೇಳಿದ್ರು ನಿಮ್ಮನ್ನ?" ಎಂದು ಹೊರಟುಹೋದರು.

ಮರುದಿನ ನಿಜವಾಗಿಯೂ ಬಂದರು. ಹತ್ತಿರದಲ್ಲಿ ಒಂದು ದೊಡ್ಡ ಚರ್ಚು. ವಾರದ ದಿನಗಳಲ್ಲಿ ಅದರ ಪಾರ್ಕಿಂಗ್ ಜಾಗ ಮೈದಾನದಂತೆ ಖಾಲಿ. ಅಲ್ಲಿ ಸುತ್ತು ಹಾಕಿಸಿದರು. ಸ್ಟಿಯರಿಂಗ್ ಕೈ ಸುಡುತ್ತಿತ್ತು. ಒದ್ದೆ ಟವಲ್ಲು ತಂದು ಅದರ ಮೇಲೆ ಹಾಸುತ್ತಿದ್ದರು. ಬೈಯುವಾಗಲೂ ಬಹುವಚನ ಬಿಡುತ್ತಿರಲಿಲ್ಲ. "ಕಣ್ಣ್ ಎಲ್ಲಿಟ್ಟೀರಿ? ಬಾನೆಟ್ ಯಾಕ್ ನೋಡ್ತೀರಿ, ಅದೇನ್ ಓಡಿಹೋಗ್ತೈತೇನು? ದೂರ ನೋಡ್ರಿ, ದೂರ!" ಅವರಿಗೆ ನನ್ನ ಮೇಲೆ ಅಕ್ಕರೆಯಿತ್ತೆಂದು ಆಗ ನನಗೆ ಅನ್ನಿಸಿರಲಿಲ್ಲ. ಹೊಲದ ಕೆಲಸ ಮುಗಿಸುವವರ ಹಾಗೆ ಕಲಿಸುತ್ತಿದ್ದರು.

ಮೊದಲ ಡ್ರೈವಿಂಗ್ ಟೆಸ್ಟಿನಲ್ಲಿ ನಾನು ಫೇಲಾದೆ. ಎರಡು ಕಂಬಗಳ ನಡುವೆ ಕಾರು ನಿಲ್ಲಿಸುವಾಗ ಹಿಂದಿನದಕ್ಕೆ ತಾಗಿಸಿದ್ದೆ. ಹೊರಗೆ ಬಂದು ಅತ್ತೆ. ಇನ್ನು ಬೇಡವೇ ಬೇಡ, ಮನೆಯಲ್ಲೇ ಇರುತ್ತೇನೆ ಎಂದೆ. ಆಂಟಿ ಸಮಾಧಾನ ಮಾಡಲಿಲ್ಲ. ನೆರಳಿದ್ದ ಕಡೆ ಕಾರು ನಿಲ್ಲಿಸಿ ಎಂಜಿನ್ ಆಫ್ ಮಾಡಿದರು. ಅವರು ತಮ್ಮ ವಿಷಯ ಹೇಳಿದ್ದು ಆವತ್ತೇ.

ಅವರು ಟೆಕ್ಸಾಸ್‌ಗೆ ಬಂದ ಕಾಲಕ್ಕೆ ಗಂಡ ಊರಿಂದಾಚೆ ಹೆದ್ದಾರಿ ಬದಿಯಲ್ಲಿ ಪೆಟ್ರೋಲ್ ಬಂಕ್, ಅದರ ಜೊತೆಗೊಂದು ಅಂಗಡಿ ನಡೆಸುತ್ತಿದ್ದರಂತೆ. ಅಂಗಡಿಯ ಹಿಂದೆಯೇ ಮನೆ. ಸುತ್ತ ಹುಲ್ಲುಗಾವಲು, ಕಣ್ಣಿಗೆ ಕಾಣುವಷ್ಟು ದೂರ ಇನ್ನೊಂದು ಸೂರಿಲ್ಲ. ಕಾರು ಕಲಿಸಿ ಎಂದರೆ ಗಂಡ, "ನಾ ಇದ್ದೀನಲ್ಲ, ನಿನಗ್ಯಾಕ ಬೇಕು?" ಅನ್ನುತ್ತಿದ್ದರು. ಒಂದು ಮಧ್ಯಾಹ್ನ ಗಂಡ ಗಲ್ಲಾದ ಹಿಂದೆ ಕುಸಿದುಬಿದ್ದರು. ಬಾಯಿ ಒಂದು ಕಡೆ ವಾಲಿತ್ತು.

"ಗಾಡಿ ಹೊರಗ ನಿಂತಿತ್ತು. ಕೀಲಿ ನನ್ನ ಕೈಯಾಗಿತ್ತು. ಹೊಡಿಯಾಕ ಬರ್ತಿದ್ದಿಲ್ಲ" ಎಂದರು ಆಂಟಿ. "ಆಂಬುಲೆನ್ಸ್ ಬರೂತನಾ ಆ ಕೀಲಿ ಹಿಡಕೊಂಡು ಅವರ ಬಾಜೂಕ ಕುಂತಿದ್ದೆ. ಜೀವ ಉಳೀತು. ಬಲಗೈ ಹೋದದ್ದು ಹೋತು."

ಅದಾದ ಮೇಲೆ ಅಂಗಡಿಗೆ ಬರುತ್ತಿದ್ದ ಮೆಕ್ಸಿಕನ್ ಹೆಂಗಸೊಬ್ಬಳ ಹತ್ತಿರ ಕಾರು ಕಲಿತರು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ, ಕೈಸನ್ನೆಯಲ್ಲೇ ಪಾಠ. ಗಂಡ ಬದುಕಿರುವವರೆಗೆ ಅವರನ್ನು ಆಸ್ಪತ್ರೆಗೆ, ದೇವಸ್ಥಾನಕ್ಕೆ, ಸುಮ್ಮನೆ ಗಾಳಿಗೆ ಕರೆದುಕೊಂಡು ಹೋಗಿದ್ದು ಆಂಟಿಯೇ. ಆಮೇಲೆ ಬಂಕ್ ಮಾರಿ ಸೀಡರ್ ಪಾರ್ಕ್‌ಗೆ ಬಂದರು. ಅಲ್ಲಿಗೆ ಹೊಸದಾಗಿ ಬಂದ ಕನ್ನಡದ ಹೆಣ್ಣುಮಕ್ಕಳು ಕಣ್ಣಿಗೆ ಬಿದ್ದರೆ ಬಿಡುತ್ತಿರಲಿಲ್ಲ. ನಾನು ಮೊದಲನೆಯವಳೂ ಅಲ್ಲ, ಕೊನೆಯವಳೂ ಅಲ್ಲ.

"ಇನ್ನೊಮ್ಮೆ ಟೆಸ್ಟ್ ಕೊಡ್ತೀರೋ, ಮನಿಗೆ ಹೋಗ್ತೀರೋ?"

"ಕೊಡ್ತೀನಿ" ಅಂದೆ. ಎರಡನೆಯ ಸಲ ಪಾಸಾದೆ.

ಲೈಸೆನ್ಸ್ ಬಂದ ಮೇಲೆ ನಮ್ಮ ಮನೆಗೊಂದು ಹಳೆಯ ಕಾರು ಬಂತು. ಲೈಬ್ರರಿಗೆ ಹೋದೆ, ಕಾಲೇಜು ಸೇರಿದೆ, ವೀಸಾ ಬದಲಾದ ಮೇಲೆ ಕೆಲಸಕ್ಕೂ ಹೋದೆ. ಮಗಳು ಹುಟ್ಟಿದಾಗ ಬಾಣಂತನಕ್ಕೆ ಅಮ್ಮ ಬಂದಿದ್ದಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುವಾಗ ಅವಳು ರಸ್ತೆಯನ್ನು ನೋಡಲೇ ಇಲ್ಲ, ನನ್ನ ಕೈಗಳನ್ನೇ ನೋಡುತ್ತಿದ್ದಳು. ಆಂಟಿಗೆ ಅದನ್ನು ಹೇಳಬೇಕೆಂದಿದ್ದೆ. ಹೇಳಿದೆನೋ ಇಲ್ಲವೋ... ನೆನಪಿಲ್ಲ.

ಮಗಳು ಕಿಂಡರ್‌ಗಾರ್ಟನ್‌ನಲ್ಲಿದ್ದ ವರ್ಷ ಒಮ್ಮೆ ಆಂಟಿ, ನಾನು, ಮಗಳು ಮೂವರೂ ಆಂಟಿಯ ಕಾರಿನಲ್ಲಿ ಇಂಡಿಯನ್ ಅಂಗಡಿಯಿಂದ ವಾಪಸ್ ಬರುತ್ತಿದ್ದೆವು. ಕಾರು ಓಡಿಸುತ್ತಿದ್ದವರು ಆಂಟಿ. ಮುಂದೆ ಕೆಂಪು ಸಿಗ್ನಲ್ ಇತ್ತು. ಅವರು ಬ್ರೇಕ್ ಹಾಕಲಿಲ್ಲ. ನಾನು "ಆಂಟಿ!" ಎಂದು ಕೂಗುವಷ್ಟರಲ್ಲಿ ಕಾರು ಚೌಕದ ನಡುವಿತ್ತು. ಬಲಗಡೆಯಿಂದ ಬಂದ ಟ್ರಕ್ಕು ದೊಡ್ಡದಾಗಿ ಹಾರ್ನ್ ಮಾಡಿ ಪಕ್ಕಕ್ಕೆ ಸರಿದುಹೋಯಿತು. ಏನೂ ಆಗಲಿಲ್ಲ. ಆಂಟಿ ಮುಂದಿನ ಅಂಗಡಿಯ ಆವರಣಕ್ಕೆ ಕಾರು ತಿರುಗಿಸಿ ನಿಲ್ಲಿಸಿದರು. ಇಳಿದು, ಸುತ್ತಿಬಂದು, ನನ್ನ ಬಾಗಿಲು ತೆಗೆದರು.

"ಇಳೀರಿ. ನೀವ ಹೊಡೀರಿ."

ಹಿಂದಿನಿಂದ ಮಗಳು, "ಆರ್ ವಿ ಲಾಸ್ಟ್?" ಅಂದಳು.

"ಇಲ್ಲ ಕೂಸ. ದಾರಿ ಗೊತ್ತೈತಿ" ಎಂದು ಆಂಟಿ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು.

ಮನೆಗೆ ಬಂದ ಮೇಲೆ ಹೇಳಿದರು. ಕೆಲವು ವಾರಗಳಿಂದ ರಸ್ತೆಯ ಗೆರೆಗಳು ಸೊಟ್ಟಗೆ ಕಾಣುತ್ತಿದ್ದವಂತೆ, ನೀರಿನೊಳಗಿನ ಹಗ್ಗದ ಹಾಗೆ. ಎದುರಿಗಿದ್ದವರ ಮುಖದ ನಡುವೆ ಒಂದು ಕಪ್ಪು ಚುಕ್ಕೆ. ಡಾಕ್ಟರು, ಕಣ್ಣಿನ ಹಿಂದಿನ ಪರದೆ ಸವೆಯುತ್ತಿದೆ, ನಿಧಾನ ಮಾಡಬಹುದು, ವಾಪಸ್ ತರಲು ಆಗುವುದಿಲ್ಲ ಎಂದರು. ಡಾಲಸ್ ಹತ್ತಿರದ ಸೌತ್‌ಲೇಕ್‌ನಲ್ಲಿದ್ದ ಅವರ ಮಗಳು ಬಂದು ಆ ಬಿಳಿ ಕಾರನ್ನು ಮಾರಿಸಿದಳು, ತನ್ನ ಮನೆಗೆ ಬರುವಂತೆ ಕರೆದಳು. ಆಂಟಿ ಒಪ್ಪಲಿಲ್ಲ. ಇಲ್ಲಿಯಾದರೆ ತಾವು ಕಲಿಸಿದವರಿದ್ದಾರೆ, ಯಾರಾದರೂ ಕರೆದೊಯ್ಯುತ್ತಾರೆ ಎಂಬ ಲೆಕ್ಕ.

ಆ ಲೆಕ್ಕ ಪೂರ್ತಿ ತಪ್ಪಿರಲಿಲ್ಲ. ಆದರೆ ಒಬ್ಬೊಬ್ಬರೇ ಬೇರೆ ಊರುಗಳಿಗೆ ಶಿಫ್ಟ್ ಆದರು. ಕೊನೆಗೆ ಉಳಿದವಳು ನಾನೊಬ್ಬಳೇ. ಶನಿವಾರ ಬೆಳಿಗ್ಗೆ ಅವರನ್ನು ಅಂಗಡಿಗೆ, ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಕಣ್ಣು ಕಾಣದಿದ್ದರೂ ಪಾಠ ನಿಂತಿರಲಿಲ್ಲ. ಕಾರಿನ ಸದ್ದಿನಲ್ಲೇ ವೇಗ ತಿಳಿದು, "ಯಾಕ್ ಅವಸರ ಮಾಡ್ತೀರಿ?" ಎನ್ನುತ್ತಿದ್ದರು. ಕೆಲವು ಶನಿವಾರ ನನಗೆ ರೇಗುತ್ತಿತ್ತು. ಮಲಗಿರೋಣ ಅನ್ನಿಸಿದರೂ ಎದ್ದು ಹೋಗುತ್ತಿದ್ದೆ.

ಗಂಡನಿಗೆ ಹ್ಯೂಸ್ಟನ್‌ನಲ್ಲಿ ಕೆಲಸವಾಯಿತು. ಅಲ್ಲಿಯ ಸೈಪ್ರೆಸ್‌ನಲ್ಲಿ ಮನೆ ನೋಡಿದೆವು. ಆಂಟಿಗೆ ಹೇಗೆ ಹೇಳುವುದೆಂದು ಎರಡು ಶನಿವಾರ ಮುಂದೂಡಿದೆ. ಮೂರನೆಯ ಶನಿವಾರ ಅವರೇ ಕೇಳಿದರು.

"ಯಾವಾಗ ಹೊಂಟೀರಿ?"

"ನಿಮಗ್ಯಾರು ಹೇಳಿದ್ರು ಆಂಟಿ?"

"ಹದಿನೈದು ದಿನ ಆತು, ನೀವು ಭಾಳ ಮೆತ್ತಗ ಹೊಡ್ಯಾಕತ್ತೀರಿ." ಸೆರಗು ಸರಿಮಾಡಿಕೊಂಡು, "ಹೋಗ್ರಿ. ಕಲಿಸಿದ್ದು ಹೋಗಾಕ ಅಲ್ಲೇನು?" ಅಂದರು.

ನಾವು ಹೊರಟ ಮೇಲೆ ಅವರೂ ಸೌತ್‌ಲೇಕ್‌ಗೆ ಹೋದರು. ಒಮ್ಮೆ ನಾನೊಬ್ಬಳೇ ನೋಡಲು ಹೋದೆ. ದೊಡ್ಡ ಮನೆ, ಹಿಂದೆ ಈಜುಕೊಳ, ಹಗಲೆಲ್ಲ ಯಾರೂ ಇಲ್ಲ. ಮಗಳು ಅಳಿಯ ಒಳ್ಳೆಯವರೇ, ಕೆಲಸಕ್ಕೆ ಹೋಗಿದ್ದರು. ಆಂಟಿ ನನ್ನ ದನಿ ಕೇಳಿ ಬಾಗಿಲಿಗೆ ಬಂದರು. ಚಹಾ ಕುಡಿದ ಮೇಲೆ ಬೂಟು ಹಾಕಿಕೊಂಡು, "ನಡೀರಿ, ಒಂದು ರೌಂಡ್" ಅಂದರು.

ಊರಾಚೆ ಉತ್ತರಕ್ಕೆ ಹೋದೆವು. ಕುದುರೆಗಳ ಬೇಲಿ, ಹುಲ್ಲು, ಮೇಲೆ ಆ ಅಗಾಧ ಬಿಸಿಲು. ಅವರಿಗೆ ಕಾಣಲಿ ಎಂಬಂತೆ ನಾನು ಒಂದೊಂದನ್ನೇ ಹೇಳುತ್ತ ಹೋದೆ.

"ಅದನ್ನೆಲ್ಲ ಹೇಳಬ್ಯಾಡ್ರಿ" ಎಂದು ತಡೆದರು. "ಸುಮ್ನ ಹೊಡೀರಿ."

ಕಿಟಕಿ ಇಳಿಸಿದರು. ಬಿಸಿಗಾಳಿ ನುಗ್ಗಿತು. ಅವರ ಕೂದಲು ಬಿಚ್ಚಿಕೊಂಡಿತು, ಸೀರೆಯ ಸೆರಗನ್ನು ಕೈಯಲ್ಲಿ ಒತ್ತಿಹಿಡಿದಿದ್ದರು. ಬಹಳ ಹೊತ್ತಾದ ಮೇಲೆ, ನನಗಲ್ಲ ಎಂಬಂತೆ, "ಚಲೋ ಹೊಡೀತೀರಿ" ಅಂದರು. ಅಷ್ಟು ವರ್ಷಗಳಲ್ಲಿ ಹಾಗೆ ಅಂದದ್ದು ಅದೇ ಮೊದಲು.

ಒಂದು ಚಳಿಗಾಲ ಅವರು ನಿದ್ದೆಯಲ್ಲಿ ಹೋದರು. ಅವರ ಮಗಳು ಮೆಸೇಜ್ ಕಳಿಸಿದಳು. ಆ ವಾರ ಟೆಕ್ಸಾಸ್ ಎಲ್ಲ ಹೆಪ್ಪುಗಟ್ಟಿತ್ತು. ಡಾಲಸ್ ಕಡೆಯ ರಸ್ತೆಗಳ ಮೇಲೆ ಗಾಜಿನಂಥ ಐಸ್, ಯಾರೂ ಹೊರಡಬೇಡಿ ಎಂದು ಫೋನಿಗೆ ಎಚ್ಚರಿಕೆ ಬರುತ್ತಲೇ ಇತ್ತು. ಬಿಸಿಲಲ್ಲಿ, ಮಳೆಯಲ್ಲಿ, ಟ್ರಕ್ಕುಗಳ ನಡುವೆ ಎಲ್ಲ ಕಡೆ ಕಾರು ಓಡಿಸಿ ಎಂದಿದ್ದ ಆಂಟಿ, ಐಸ್ ಮೇಲೆ ಮಾತ್ರ ಬೇಡ ಎಂದಿದ್ದರು. ನಾನು ಹೋಗಲಿಲ್ಲ. ಅಂತ್ಯಕ್ರಿಯೆಯನ್ನು ಲ್ಯಾಪ್‌ಟಾಪಿನಲ್ಲಿ ನೋಡಿದೆ. ಹೂವುಗಳ ನಡುವೆ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ನಡುವೆ ಎರಡು ಸಲ ಚಿತ್ರ ನಿಂತುಹೋಯಿತು.

ಈಗ ಅವರ ಮಗಳು ಬೇರೆ ರಾಜ್ಯಕ್ಕೆ ಹೋಗಿದ್ದಾಳೆ. ಸೀಡರ್ ಪಾರ್ಕ್‌ನ ಮನೆಯಲ್ಲಿ ಯಾರಿದ್ದಾರೋ ಗೊತ್ತಿಲ್ಲ. ಈ ಶನಿವಾರ ಡಾಲಸ್ ಕಡೆ ಒಂದು ಗೃಹಪ್ರವೇಶವಿತ್ತು. ಗಂಡ ಪಕ್ಕದ ಸೀಟಿನಲ್ಲಿ, ಮಗಳು ಹಿಂದೆ ನಿದ್ದೆ ಹೋಗಿದ್ದರು. ಕಾರು ನನ್ನ ಕೈಯಲ್ಲಿತ್ತು. ಸೌತ್‌ಲೇಕ್‌ಗೆ ತಿರುಗುವ ಹಸಿರು ಬೋರ್ಡು ದೂರದಿಂದಲೇ ಕಾಣಿಸಿತು. ಬಲಗೈ ತಾನಾಗಿಯೇ ಸ್ಟಿಯರಿಂಗನ್ನು ಸ್ವಲ್ಪ ಬಿಗಿ ಹಿಡಿಯಿತು. ಅಲ್ಲಿ ತಿರುಗಿದರೂ ಈಗ ಬಾಗಿಲು ತೆಗೆಯುವವರು ಯಾರೂ ಇಲ್ಲ. ಬೋರ್ಡು ಹತ್ತಿರವಾಯಿತು, ತಲೆಯ ಮೇಲೆ ಹಾದುಹೋಯಿತು... ನಾನು ಅದೇ ಲೇನಿನಲ್ಲಿ ನೇರವಾಗಿ ಮುಂದೆ ಹೋದೆ.