ಚಪ್ಪರದವರೆಯ ಪಕ್ಕದ ಸಾಲು

ಮೂರು ವರ್ಷ ತುಂಬಿದ್ದರೂ ಚಿಕ್ಕಿ ಎದ್ದು ನಿಲ್ಲುತ್ತಿರಲಿಲ್ಲ. ಹೊಟ್ಟೆ ಮುಂದಕ್ಕೆ, ಕಾಲು ಕಡ್ಡಿ, ಕೂದಲು ಕೆಂಚು. ಅವಳಿಗಿಂತ ಮುಂಚೆ ಹುಟ್ಟಿದ ಎರಡು ಗಂಡು ಕೂಸುಗಳೂ ಹೀಗೇ ಸೊರಗಿ ಹೋಗಿದ್ದವು. ಅದಕ್ಕೇ ಸಾದಲಿಯಿಂದ ಬಂದ ಗ್ರಾಮಸೇವಿಕೆ ಜಗಲಿಯ ಮೇಲೆ ಕೂತು, "ದಿನಕ್ಕೊಂದು ಮೊಟ್ಟೆ, ಒಂದು ಹಿಡಿ ತರಕಾರಿ ಕೊಡಮ್ಮ, ಮಗು ಉಳೀತದೆ" ಅಂದಾಗ, ತಾಯಿ ಆಂಜಿನಮ್ಮನಿಗೆ ಕೊನೆಯ ಮಾತೊಂದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಉಳೀತದೆ!

ಅದು ಸಾವಿರದ ಒಂಬೈನೂರ ಅರವತ್ತಮೂರರ ಮಾತು. ಆಂಜಿನಮ್ಮ ಸೊಸೆಯಾಗಿ ಬಂದ ಮನೆಯಲ್ಲಿ ಬಚ್ಚಲ ಬಾಗಿಲವರೆಗೂ ಹಿಪ್ಪುನೇರಳೆ. ನಡುಮನೆಯೆಲ್ಲ ರೇಷ್ಮೆಹುಳುವಿನದು, ಮನುಷ್ಯರದು ಮೂಲೆ. ಹುಳು ಒಳಗಿದ್ದಷ್ಟು ದಿನ ಒಗ್ಗರಣೆ ಹಾಕುವಂತಿಲ್ಲ, ಘಾಟು ತಾಗಿದರೆ ಹುಳು ಕೆಡುತ್ತದೆ ಎಂದು. ಆ ಕಟ್ಟುಪಾಡೆಲ್ಲ ಅತ್ತೆ ಅಮ್ಮಾಜಮ್ಮನದು. ಹಿತ್ತಲಲ್ಲಿ ತರಕಾರಿ ಬೆಳೆದು ಕೋಳಿ ಸಾಕುತ್ತೇನೆಂದು ಆಂಜಿನಮ್ಮ ಅವಳನ್ನೇ ಕೇಳಬೇಕಾಯಿತು.

"ತೋಟ ಅಂತೆ, ಸೀಮೆ ಕೋಳಿ ಅಂತೆ! ನಾಳೆ ಹುಳುಮನೇಲಿ ಸಿನಿಮಾ ಆಡಿಸ್ತೀಯೇನೇ?" ಎಂದಳು ಅಮ್ಮಾಜಮ್ಮ.

"ಮಗೀಗೋಸ್ಕರ ಅತ್ತಮ್ಮ."

ಮುದುಕಿ ಚಿಕ್ಕಿಯ ಕಾಲನ್ನೇ ಬಹಳ ಹೊತ್ತು ನೋಡಿದಳು. "ಮಾಡ್ಕೊ. ಆದ್ರೆ ಹುಳಕ್ಕೆ ಏನಾದ್ರೂ ಆಯ್ತೋ, ಕೋಳಿ ಕತ್ತೂ ನಾನೇ ಮುರೀತೀನಿ, ನಿನ್ನ ತೋಟಾನೂ ನಾನೇ ಕಿತ್ತಾಕ್ತೀನಿ."

ಗಂಡ ಕೋನಪ್ಪ ಮರುದಿನವೇ ಬಚ್ಚಲ ಹಿಂದೆ ನಾಲ್ಕು ಹಿಪ್ಪುನೇರಳೆ ಗಿಡ ಕಿತ್ತು ಜಾಗ ಮಾಡಿಕೊಟ್ಟ. ಬಚ್ಚಲ ನೀರಿಗೆ ಬದನೆ, ಟೊಮೇಟೊ, ನುಗ್ಗೆ, ಚಪ್ಪರದವರೆ ಎಲ್ಲ ನಾ ಮುಂದು ತಾ ಮುಂದು ಎಂದು ಬಂದವು. ಬ್ಲಾಕ್ ಆಫೀಸಿನಿಂದ ಆರು ಬಿಳಿ ಕೋಳಿ ಬಂದವು. ಮೊದಲ ಮೊಟ್ಟೆ ಸಿಕ್ಕ ದಿನ ಆಂಜಿನಮ್ಮ ಅದನ್ನು ಕೆನ್ನೆಗೊತ್ತಿಕೊಂಡು ಹಿತ್ತಲಲ್ಲಿ ಒಬ್ಬಳೇ ನಕ್ಕಳು. ಚಿಕ್ಕಿ ಮಾತ್ರ ಬೇಯಿಸಿದ ಮೊಟ್ಟೆಯನ್ನು ಥೂ ಎಂದು ಉಗಿದಳು.

"ಬನ್ ಮಾಡಿ ಅದರೊಳಗೆ ಸೇರಿಸಿ ತಿನ್ನಿಸು" ಎಂದಳು ಗ್ರಾಮಸೇವಿಕೆ. ರಾಗಿಹಿಟ್ಟು, ಗೋಧಿಹಿಟ್ಟು, ಬೆಲ್ಲ, ಮೊಟ್ಟೆ, ಚಿಟಿಕೆ ಸೋಡಾಪುಡಿ. ಗಡಿಗೆಯೊಳಗೆ ಮರಳು ಕಾಯಿಸಿ, ಮೇಲೆ ಬಟ್ಟಲಿಟ್ಟು, ಮುಚ್ಚಳದ ಮೇಲೆ ಕೆಂಡ. ಆ ಹೊತ್ತಿಗೆ ಅವರೆ ಹೂವಿಗೆ ಕಪ್ಪು ಹೇನು ಮುತ್ತಿತ್ತು. ಅದಕ್ಕೂ ಗ್ರಾಮಸೇವಿಕೆಯೇ ಮದ್ದು ಹೇಳಿದಳು: ಹೊಗೆಸೊಪ್ಪು ನೆನೆಸಿದ ನೀರು. "ಪಕ್ಕದ ಹಿಪ್ಪುನೇರಳೆ ಸಾಲನ್ನ ಹತ್ತು ದಿನ ಕುಯ್ಯಬೇಡಿ. ಮರೀಬೇಡಮ್ಮ, ಹುಳಕ್ಕೆ ಅದು ವಿಷ."

ಸಂಜೆ ಪೊರಕೆಯಿಂದ ಬಳ್ಳಿಗೆ ಚಿಮುಕಿಸುವಾಗ ಆಂಜಿನಮ್ಮ ಅದನ್ನೇ ಜಪಿಸುತ್ತಿದ್ದಳು. ಗಾಳಿ ಹಿಪ್ಪುನೇರಳೆಯ ಕಡೆಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ಗಂಗುಲಮ್ಮನಿಗೆ ಹೇಳಬೇಕು ಎಂದುಕೊಂಡು ಮಲಗಿದಳು. ಗಂಗುಲಮ್ಮ ಕೇರಿಯವಳು, ಆ ಮನೆಗೆ ಹಿಪ್ಪುನೇರಳೆ ಸೊಪ್ಪು ಕುಯ್ಯುವವಳು. ಅವಳಿಗೆ ಹೊಗೆಸೊಪ್ಪು ಜಗಿಯುವ ಚಟ ಇತ್ತು. ಅದಕ್ಕೇ ಗಿಡ ಮುಟ್ಟುವ ಮುಂಚೆ ಬೂದಿಯಲ್ಲಿ ಮೊಣಕೈವರೆಗೂ ಉಜ್ಜಿ ತೊಳೆಯಬೇಕೆಂದು ಅಮ್ಮಾಜಮ್ಮನ ಕಟ್ಟಪ್ಪಣೆ. ಬಿಂದಿಗೆ ಅವಳು ಮುಟ್ಟುವಂತಿಲ್ಲ, ಆಂಜಿನಮ್ಮನೇ ಮೇಲಿಂದ ನೀರು ಹುಯ್ಯಬೇಕು.

ಬೆಳಿಗ್ಗೆ ಹಿತ್ತಲಲ್ಲಿ ಮೂರು ಕಲ್ಲಿನ ಮೇಲೆ ಗಡಿಗೆ ಇತ್ತು, ಒಳಗೆ ಬನ್ನು ಇತ್ತು. ಆಂಜಿನಮ್ಮ ಗಂಗುಲಮ್ಮನ ಕೈಗೆ ಬೂದಿ ಹಾಕಿದಳು, ನೀರು ಹುಯ್ದಳು, ಆದರೆ ಕಣ್ಣೆಲ್ಲ ಮುಚ್ಚಳದ ಮೇಲೆ.

"ಏನಮ್ಮಯ್ಯ, ಗಡಿಗೆಗೆ ದೃಷ್ಟಿ ತೆಗೀತಿದ್ದೀರಾ?"

"ಸುಮ್ನಿರೇ, ಉಬ್ತಾ ಇದೆ! ಬೆಲ್ಲದ ಘಮ ಬಂತು ನೋಡು!"

ಗಂಗುಲಮ್ಮ ನಗುತ್ತ ಕುಡುಗೋಲು ತೆಗೆದುಕೊಂಡು, ಅವರೆ ಚಪ್ಪರದ ಪಕ್ಕದ ಮೊದಲ ಸಾಲಿಗೇ ಕೈ ಹಾಕಿದಳು. ಬನ್ನು ನಿಜಕ್ಕೂ ಉಬ್ಬಿತ್ತು. ಚಿಕ್ಕಿ ಮೊದಲ ಚೂರು ನೆಕ್ಕಿದಳು, ಎರಡನೆಯದನ್ನು ತಿಂದಳು, ಮೂರನೆಯದಕ್ಕೆ ಕೈ ಚಾಚಿದಳು. ಆಂಜಿನಮ್ಮನಿಗೆ ಲೋಕವೇ ಮರೆತುಹೋಯಿತು.

ಮಧ್ಯಾಹ್ನ ನಡುಮನೆಯಿಂದ ಅಮ್ಮಾಜಮ್ಮ ಕೂಗಿಕೊಂಡಳು. "ಅಯ್ಯೋ ದೇವುಡಾ! ಕೋನಾ, ಬಾರೋ!"

ನಾಲ್ಕನೇ ಜ್ವರ ಕಳೆದು, ಕೊನೆಯ ಪೊರೆ ಬಿಟ್ಟು, ಇನ್ನು ಮೂರು ದಿನಕ್ಕೆ ಗೂಡಿಗೆ ಏರಬೇಕಿದ್ದ ಹುಳು. ತಟ್ಟೆ ತಟ್ಟೆಗಳಲ್ಲಿ ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು, ಬಾಯಿಂದ ಕಂದು ನೀರು. ಸಂಜೆಯ ಹೊತ್ತಿಗೆ ಕುಗ್ಗಿ, ಮೆತ್ತಗಾಗಿ, ಸಾಲುಸಾಲಾಗಿ ಸತ್ತವು. ಕೋನಪ್ಪ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ತಿಪ್ಪೆಗೆ ಸುರಿದ.

"ಇದು ಹೊಗೆಸೊಪ್ಪಿನ ವಿಷ, ನಾನು ಕಂಡಿದ್ದೀನಿ" ಎಂದಳು ಅಮ್ಮಾಜಮ್ಮ. ಅಂಗಳದಲ್ಲಿ ನಿಂತಿದ್ದ ಗಂಗುಲಮ್ಮನ ಸೊಂಟದ ಹೊಗೆಸೊಪ್ಪಿನ ಚೀಲ ಎಲ್ಲರಿಗೂ ಕಾಣುತ್ತಿತ್ತು. "ಕೈ ತೊಳೀದೆ ಕುಯ್ದ್ಯೇನೇ, ಮುಂಡೆ?"

"ದೇವ್ರಾಣೆ ತೊಳ್ದಿದ್ದೀನಿ ದೊಡ್ಡಮ್ನೋರೆ! ಅಮ್ಮಯ್ಯನೇ ಬೂದಿ ಕೊಟ್ರು, ನೀರು ಹುಯ್ದ್ರು. ಹೇಳಿ ಅಮ್ಮಯ್ಯ, ಒಂದು ಮಾತು ಹೇಳಿ!"

ಆಂಜಿನಮ್ಮನ ಸೊಂಟದ ಮೇಲೆ ಚಿಕ್ಕಿ ಇದ್ದಳು, ಬಾಯಿಯ ಸುತ್ತ ಬನ್ನಿನ ಪುಡಿ ಹಾಗೇ ಅಂಟಿತ್ತು. ಹೌದು ಎಂದರೆ ಮುಂದಿನ ಪ್ರಶ್ನೆ: ಮತ್ತೆ ವಿಷ ಎಲ್ಲಿಂದ ಬಂತು? ಅದರ ಉತ್ತರ ಚಪ್ಪರದವರೆಯ ಬುಡದಲ್ಲಿತ್ತು. ಇವತ್ತೇ ಕೋಳಿಗಳ ಕತ್ತು, ಇವತ್ತೇ ತೋಟ. ಆಮೇಲೆ ಈ ಮೂರನೆಯ ಕೂಸೂ.

"ನಾನು ಒಲೆ ಕಡೆ ನೋಡ್ತಿದ್ದೆ" ಎಂದಳು ಆಂಜಿನಮ್ಮ. "ಸರಿಯಾಗಿ ಕಾಣ್ಲಿಲ್ಲ."

ಗಂಗುಲಮ್ಮ ಕುಡುಗೋಲನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದಳು.

ಹುಳು ಸಾಕುವ ಊರಿನಲ್ಲಿ ಅಂಥ ಸುದ್ದಿಗೆ ಕಾಲು ಬೇಕಿಲ್ಲ. ವಾರದೊಳಗೆ ಯಾವ ಮನೆಯಲ್ಲೂ ಗಂಗುಲಮ್ಮನನ್ನು ಸೊಪ್ಪಿಗೆ ಕರೆಯಲಿಲ್ಲ. "ಅವಳ ಕೈ ವಿಷದ ಕೈ" ಎಂದರು. ಇತ್ತ ಚಿಕ್ಕಿ ದಿನಾ ಬನ್ನು ತಿಂದಳು, ಬದನೆಕಾಯಿ ತಿಂದಳು, ಸಂಕ್ರಾಂತಿಯ ಹೊತ್ತಿಗೆ ಕಂಬ ಹಿಡಿದು ಎದ್ದು ನಿಂತಳು! ಆ ದಿನ ಆಂಜಿನಮ್ಮ ಸೆರಗಿನಲ್ಲಿ ನಾಲ್ಕು ಮೊಟ್ಟೆ ಕಟ್ಟಿಕೊಂಡು ಕೇರಿಗೆ ಹೋದಳು.

ಗಂಗುಲಮ್ಮ ಒಳಗೆ ಕರೆಯಲೂ ಇಲ್ಲ, ಬೈಯಲೂ ಇಲ್ಲ. "ಮೊಟ್ಟೆ ಬೇಡ ಅಮ್ಮಯ್ಯ. ನೀರು ಹುಯ್ದೆ ಅಂತ ದೊಡ್ಡಮ್ನೋರ ಹತ್ರ ಹೇಳಿ, ಸಾಕು. ಮಕ್ಳು ಗಂಜಿ ನೀರಲ್ಲೇ ಇದ್ದಾವೆ."

ಆಂಜಿನಮ್ಮ ನೇರ ಮನೆಗೆ ಬಂದಳು. ಅಮ್ಮಾಜಮ್ಮ ಮೊಮ್ಮಗಳಿಗೆ ಬನ್ನು ಮುರಿದು ಕೊಡುತ್ತಿದ್ದಳು.

"ಅತ್ತಮ್ಮ, ಅವತ್ತು ಗಂಗುಲಮ್ಮ ಕೈ ತೊಳ್ದಿದ್ಲು. ಅವರೆಗೆ ಹೊಗೆಸೊಪ್ಪಿನ ನೀರು ನಾನೇ ಹಾಕಿದ್ದೆ. ಆ ಸಾಲು ಕುಯ್ಬೇಡ ಅಂತ ಅವಳಿಗೆ ಹೇಳೋದ್ನ ಮರ್ತೆ."

ಮುದುಕಿ ತಲೆ ಎತ್ತಲಿಲ್ಲ. "ಗೊತ್ತು ಬಿಡೇ. ಮಾರನೇ ದಿನ ಬಳ್ಳಿ ಮೂಸಿ ನೋಡ್ದೆ."

"ಮತ್ತೆ ಅವಳನ್ನ..."

"ಇದರ ಕಾಲು ನೋಡು" ಎಂದು ಚಿಕ್ಕಿಯ ಮೊಣಕಾಲು ಸವರಿದಳು. "ಈಗ ಊರಿಗೆಲ್ಲ ಹೇಳಿದ್ರೆ ನಾಳೆ ನಾವು ಮಾರೋ ಮಿಕ್ಕ ಸೊಪ್ಪು ಯಾರು ತಗೋತಾರೆ? ಅವಳಿಗೆ ಬೇರೆ ಕೆಲ್ಸ ಸಿಗ್ತದೆ. ಬಾಯ್ಮುಚ್ಕೊಂಡು ಕೋಳಿಗೆ ನುಚ್ಚು ಹಾಕೋಗು."

ಆಂಜಿನಮ್ಮ ಹೋಗಿ ನುಚ್ಚು ಹಾಕಿದಳು.

ಯುಗಾದಿ ಕಳೆದ ಮೇಲೆ ಗಂಗುಲಮ್ಮ ಮೂಟೆ ಹೊತ್ತು, ಗಂಡ ಮಕ್ಕಳ ಜೊತೆ ಚಿಂತಾಮಣಿ ಕಡೆಯ ರಸ್ತೆ ಕೆಲಸಕ್ಕೆ ಹೊರಟಿದ್ದಳು. ಸಂತೆಯಿಂದ ಬರುತ್ತಿದ್ದ ಆಂಜಿನಮ್ಮ ಎದುರಿಗೇ ಸಿಕ್ಕಳು. ಚಿಕ್ಕಿ ಅಮ್ಮನ ಕೈ ಬಿಡಿಸಿಕೊಂಡು, ಧೂಳೆಬ್ಬಿಸುತ್ತ ಮುಂದೆ ಓಡಿದಳು.

ಗಂಗುಲಮ್ಮ ನಿಂತು ನೋಡಿದಳು. "ಮಗು ಚೆನ್ನಾಗಿ ಓಡ್ತದಲ್ಲ ಅಮ್ಮಯ್ಯ" ಎಂದಳು.

ಆ ಮಾತಿನಲ್ಲಿ ಕುಹಕವೇನೂ ಇರಲಿಲ್ಲ. ಆಂಜಿನಮ್ಮ ರಸ್ತೆಯಂಚಿಗೆ ಸರಿದು, ಅವಳ ಮೂಟೆಗೆ ದಾರಿ ಬಿಟ್ಟಳು.